ಬಿಳಿಯೊಳಗಿನ ಬಿಳಿ

ಸಿದ್ಧಲಿಂಗೇಶರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಬಿಳಿಯೊಳಗೆ ಬಿಳಿ ಕಾಣುತ್ತದೆಯೇ ಎಂದು ನೋಡುವುದು. ಚೆನ್ನೈನ ಮೈಲಾಪೂರಿನ ಮಾಡಬೀದಿಗೆ ಹತ್ತಿರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಅವರು ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಡಾಕ್ಟರು ಬರುವುದಕ್ಕೆ ಮುಂಚೆ ಒಳಗಿನ ಕತ್ತಲೆ ಕೋಣೆಗೆ ಹೋಗಿ, ಅಕ್ಕಪಕ್ಕ ಉದ್ದುದ್ದ ನಿಲ್ಲಿಸಿರುವ ಎರಡು ಮಾನಿಟರ್‌ಗಳನ್ನು ಹಚ್ಚಿ, ಅವು ಬಿಸಿಯಾಗಿ ಬೆಳಕು ಒಂದು ಸಮಕ್ಕೆ ಬರಲೆಂದು ಅರ್ಧ ಗಂಟೆ ಕಾಯುತ್ತಾರೆ. ಆಮೇಲೆ ಪರೀಕ್ಷೆಯ ಚಿತ್ರವೊಂದನ್ನು ತೆರೆಯುತ್ತಾರೆ. ಅದರಲ್ಲಿ ಒಂದು ಕಪ್ಪು ಚೌಕ, ಅದರೊಳಗೆ ಇನ್ನೊಂದು ಸಣ್ಣ ಚೌಕ, ಅದೂ ಕಪ್ಪೇ, ಆದರೆ ಕೂದಲೆಳೆಯಷ್ಟು ತಿಳಿ. ಪಕ್ಕದಲ್ಲಿ ಬಿಳಿ ಚೌಕ, ಅದರೊಳಗೆ ಕೂದಲೆಳೆಯಷ್ಟು ಮಂಕಾದ ಇನ್ನೊಂದು ಬಿಳಿ. ಎರಡೂ ಒಳಚೌಕ ಕಂಡರೆ ಪುಸ್ತಕದಲ್ಲಿ ಒಂದು ಟಿಕ್. ಕಾಣದಿದ್ದರೆ ಆ ದಿನ ಆ ಮಾನಿಟರಿನಲ್ಲಿ ಯಾರೂ ಏನನ್ನೂ ನೋಡಕೂಡದು.

ಇಷ್ಟು ಬಿಗಿ ಏಕೆಂದರೆ, ಅವುಗಳಲ್ಲಿ ಡಾಕ್ಟರು ನೋಡುವುದು ಹೆಂಗಸರ ಎದೆಯ ಮ್ಯಾಮೊಗ್ರಾಂ. ಕೇಡು ಶುರುವಾಗುವ ಹೊತ್ತಿಗೆ ಅದು ಅಲ್ಲಿ ಪುಡಿ ಉಪ್ಪಿನ ಕಣದಂಥ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ, ಅದೂ ಎಷ್ಟೋ ಸಲ ಬಿಳಿಯ ನಡುವೆಯೇ.

ಐವತ್ತೇಳು ವರ್ಷದ ಸಿದ್ಧಲಿಂಗೇಶರು ಹುಟ್ಟಿದ್ದು ರಾಣೆಬೆನ್ನೂರಿನಲ್ಲಾದರೂ ಬೆಳೆದದ್ದು ಸೌಕಾರ್‌ಪೇಟೆಯಲ್ಲಿ, ಅಪ್ಪನ ಬಟ್ಟೆ ಅಂಗಡಿಯ ಅಟ್ಟದ ಮೇಲೆ. ಈಗ ಕ್ರೋಂಪೇಟೆಯಲ್ಲಿ ಮನೆ. ಲೋಕಲ್ ರೈಲು ಹಿಡಿದು, ಗಿಂಡಿಯಲ್ಲಿ ಇಳಿದು, ಬಸ್ಸಿನಲ್ಲಿ ಜೋತುಬಿದ್ದು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು ಒರೆಸಿಕೊಂಡೇ ಆ ಕೋಣೆಗೆ ಕಾಲಿಡುವವರು. ಮಾನಿಟರ್ ವಿಷಯದಲ್ಲಿ ಅವರು ಅತ್ತೆಗಿಂತ ಕಡೆ. ಪರದೆಗೆ ಬೆರಳು ತೋರಿಸಿದರೆ ಸಾಕು, ಮುಟ್ಟದಿದ್ದರೂ ಬೈಗುಳ. ಹೊಸ ಜೋಡಿ ಬಂದ ದಿನ ಹಿಂದಿನ ಗೋಡೆಯ ಟ್ಯೂಬ್‌ಲೈಟ್ ತೆಗೆಸಿದರು, ಕಿಟಕಿಗೆ ಕಪ್ಪು ಪರದೆ ಹೊಲಿಸಿದರು, ಡಾಕ್ಟರ ಕುರ್ಚಿ ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಪಟ್ಟಿ ಅಂಟಿಸಿದರು. ಕಸಗುಡಿಸುವಾಕೆ ಒಮ್ಮೆ ಒದ್ದೆ ಬಟ್ಟೆ ಹಿಡಿದು ಒಳಗೆ ಬಂದದ್ದಕ್ಕೆ ಇಡೀ ವಾರ ಅವಳೊಡನೆ ಮಾತು ಬಿಟ್ಟಿದ್ದರು. ಪರದೆಗೆ ಒಣಬಟ್ಟೆ, ಅದೂ ಕನ್ನಡಕ ಒರೆಸುವಂಥ ಮೆತ್ತನೆಯದು, ಅದೂ ಆರಿಸಿ ತಣ್ಣಗಾದ ಮೇಲೆ, ಅದೂ ಅವರ ಕೈಯಿಂದಲೇ. ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯನೇ ಆ ಮಾನಿಟರನ್ನು ಕೆಡಿಸಿದ್ದು ಎಂಬುದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಕೆಡಿಸಿದ್ದು ಆಯುಧಪೂಜೆಯ ದಿನ. ಸೆಂಟರಿನಲ್ಲಿ ಎಲ್ಲರೂ ತಮ್ಮ ತಮ್ಮ ಯಂತ್ರಗಳಿಗೆ ಗಂಧ ಕುಂಕುಮ ಹಚ್ಚುತ್ತಿದ್ದರು. ಮುಂದಿನ ಮೇಜಿನ ಜ್ಯೋತಿ ಪ್ರಿಂಟರಿಗೆ ಹೂ ಮುಡಿಸಿ, ಗಂಧದ ಬಟ್ಟಲು ಹಿಡಿದು ಕತ್ತಲೆ ಕೋಣೆಗೂ ಬಂದಳು. ಸಿದ್ಧಲಿಂಗೇಶರು ಬಾಗಿಲಲ್ಲೇ ತಡೆದರು. ಒದ್ದೆ ಗಂಧ ಒಳಗೆ ಬರಕೂಡದು. ಆದರೆ ಪೂಜೆಯಿಲ್ಲದೆ ಬಿಡಲು ಅವರಿಗೂ ಮನಸ್ಸಿಲ್ಲ. ಅಪ್ಪ ಅಂಗಡಿಯಲ್ಲಿ ಮೊಳಕೋಲಿಗೆ, ಕತ್ತರಿಗೆ, ಹೊಲಿಗೆ ಯಂತ್ರಕ್ಕೆ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದುದನ್ನು ನೋಡಿ ಬೆಳೆದವರು. ವಿಭೂತಿ ಹಣೆಗೆ ತಾನೇ? ಪರದೆಯನ್ನು ಮುಟ್ಟದೆ ಮೇಲಿನ ಚೌಕಟ್ಟಿಗೆ ಹಚ್ಚಿದರಾಯಿತು. ನೀರು ತಾಗಬಾರದೆಂದು ವಿಭೂತಿ ಗಟ್ಟಿಯನ್ನು ಒಣಗಿದ್ದ ಹಾಗೆಯೇ ಉಜ್ಜಿ, ಮೂರು ಬೆರಳಿಗೆ ತುಂಬಾ ಬಳಿದುಕೊಂಡು, ಎಡಗಡೆಯ ಮಾನಿಟರಿನ ನೆತ್ತಿಯ ಮೇಲೆ ಭಕ್ತಿಯಿಂದ ಎಳೆದರು. ಬೆರಳಲ್ಲಿ ಉಳಿದ ಚೂರುಪಾರು ಬಲಗಡೆಯದಕ್ಕೆ. ಒದ್ದೆ ವಿಭೂತಿಯಾಗಿದ್ದರೆ ಅಂಟಿಕೊಂಡು ಅಲ್ಲೇ ಇರುತ್ತಿತ್ತು. ಒಣಪುಡಿ ಉದುರಿತು.

ರಜೆ ಕಳೆದು ಬಂದ ಬೆಳಿಗ್ಗೆ ಎಡಗಡೆಯದರಲ್ಲಿ ಬಿಳಿಯೊಳಗಿನ ಚೌಕ ಮಸುಕಾಗಿತ್ತು. ತಲೆ ಓರೆ ಮಾಡಿದರೆ ಇದೆ, ನೆಟ್ಟಗೆ ನೋಡಿದರೆ ಇಲ್ಲ. ಇದೆ ಎಂದುಕೊಂಡು ಟಿಕ್ ಹಾಕಿದರು. ಮರುದಿನವೂ ಹಾಗೇ. ನಾಲ್ಕನೆಯ ದಿನಕ್ಕೆ ತಲೆ ಓರೆ ಮಾಡಿದರೂ ಇಲ್ಲ. ಕನ್ನಡಕ ತೆಗೆದು ನೋಡಿದರು, ಹಳೆಯ ಕನ್ನಡಕ ತಂದು ಹಾಕಿ ನೋಡಿದರು. ಮಾನಿಟರ್ ಮಾತ್ರ ತನ್ನನ್ನು ತಾನೇ ಅಳೆದುಕೊಂಡು ಎಲ್ಲ ಸರಿಯಿದೆ ಎಂದು ದಿನಾ ಹಸಿರು ಗುರುತು ತೋರಿಸುತ್ತಿತ್ತು. ಯಂತ್ರ ಸರಿಯಿದ್ದರೆ ಕೆಟ್ಟದ್ದು ಕಣ್ಣೇ. ಬಲಗಡೆಯ ಮಾನಿಟರಿನಲ್ಲಿ ಅದೇ ಕಣ್ಣಿಗೆ ಚೌಕ ಚೆನ್ನಾಗಿ ಕಾಣುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೆದರಿದವರ ತರ್ಕವೇ ಬೇರೆ. ಎಡಗಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಎಡಗಡೆಯದು ಕಾಣುವುದಿಲ್ಲ ಎಂದು ತೀರ್ಮಾನಿಸಿದರು. ಕಣ್ಣು ಹೋಯಿತೆಂದರೆ ಈ ಕೋಣೆ ಹೋಯಿತು. ಕಣ್ಣಿಲ್ಲದವನಿಗೆ ಇಲ್ಲಿ ಏನು ಕೆಲಸ? ಹೆಂಡತಿ ಸುವರ್ಣಮ್ಮನಿಗೂ ಹೇಳಲಿಲ್ಲ. ಭಾನುವಾರ ಕಣ್ಣಿನ ಡಾಕ್ಟರಿಗೆ ತೋರಿಸುವುದೆಂದುಕೊಂಡರು, ಭಾನುವಾರ ಬಂತು, ಹೋಗಲಿಲ್ಲ. ಒಂಬತ್ತು ದಿನ ಒಂಬತ್ತು ಟಿಕ್ ಬಿದ್ದವು.

ಆ ಒಂಬತ್ತು ದಿನದ ನಡುವೆಯೇ ಅನಸೂಯಮ್ಮನ ಮ್ಯಾಮೊಗ್ರಾಂ ಆಗಿತ್ತು.

ಅನಸೂಯಮ್ಮ ಎದುರು ಬದಿಯ ಸಸ್ಯಾಹಾರಿ ಹೋಟೆಲಿನವರು, ಕೋಟದ ಕಡೆಯವರು. ಗಂಡ ಮಂಜುನಾಥರು ಮುಂದೆ ಗಿರಾಕಿಗಳನ್ನು ನೋಡಿಕೊಂಡರೆ ಒಳಗಿನ ಅಡುಗೆಮನೆ ಪೂರ್ತಿ ಇವರದು. ಸಾಂಬಾರಿನ ಹಂಡೆಯಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು, ಏನು ಕಡಿಮೆ ಎಂದು ಹೇಳಬಲ್ಲ ಹೆಂಗಸು. ಸಿದ್ಧಲಿಂಗೇಶರು ಹದಿನೈದು ವರ್ಷದಿಂದ ಹತ್ತು ಗಂಟೆಗೆ ಅಲ್ಲೇ ಕಾಫಿ ಕುಡಿಯುವುದು. ಕನ್ನಡ ಮಾತಾಡಲು ಸಿಗುವ ಜಾಗವೂ ಅದೊಂದೇ. ಮೂರು ವರ್ಷದ ಹಿಂದೆ ಅನಸೂಯಮ್ಮನ ಚಿಕ್ಕಮ್ಮ ಎದೆಯ ಗಡ್ಡೆಯಿಂದ ತೀರಿಕೊಂಡಿದ್ದರು. ಅಂದಿನಿಂದ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಇವರು, ಒಲ್ಲೆ ಎಂದು ಅವರು.

"ಗೊತ್ತಾಗದೆ ಇದ್ರೆ ಒಳ್ಳೇದು ಮಾರಾಯ್ರೆ," ಎನ್ನುತ್ತಿದ್ದರು ಅನಸೂಯಮ್ಮ. "ಗೊತ್ತಾದ ಮೇಲೆ ನಾನು ಎಂತ ಮಾಡ್ಲಿಕ್ಕುಂಟು?"

"ಗೊತ್ತಿಲ್ಲದ್ದಕ್ಕ ಮೂರು ವರ್ಷದಿಂದ ಹೆದರಿ ಕುಂತೀರಲ್ರಿ ಅಕ್ಕಾರ. ಗೊತ್ತಾದ್ರ ಅರ್ಧ ಹೆದರಿಕಿ ಅಲ್ಲೇ ಹೋಗ್ತೈತಿ. ನಮ್ಮ ಮಾನಿಟರ್ ನಾನ ನೋಡಕೋತೀನಿ, ನನ್ನ ಮ್ಯಾಲೆ ನಂಬಿಕಿ ಇಡ್ರಿ."

ಕೊನೆಗೆ ಆ ನಂಬಿಕೆಯ ಮೇಲೆಯೇ ಅನಸೂಯಮ್ಮ ಬಂದರು. ಮರುದಿನ ವರದಿಯನ್ನು ಸಿದ್ಧಲಿಂಗೇಶರೇ ಕಾಫಿ ಹೊತ್ತಿಗೆ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟಿದ್ದರು. ಏನೂ ಇಲ್ಲ ಅಕ್ಕಾರ, ಆರಾಮ ಇರ್ರಿ ಎಂದಿದ್ದರು. ಆ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೈ ಮುಗಿದಿದ್ದರು.

ಹತ್ತನೆಯ ದಿನ ಬೆಳಿಗ್ಗೆ ಸಿದ್ಧಲಿಂಗೇಶರು ಎಂದಿಗಿಂತ ಬೇಗ ಬಂದಿದ್ದರು. ನಿದ್ದೆ ಇರಲಿಲ್ಲ. ಕೋಣೆಯಲ್ಲಿ ಕೂತಿದ್ದಾಗ ಸಣ್ಣಗೆ ಕಿರ್ರೆಂದ ಸದ್ದು. ಎಡಗಡೆಯ ಮಾನಿಟರಿನ ಮೇಲಿನ ಚೌಕಟ್ಟಿನ ನಡುವಿನಿಂದ ಬೆರಳುದ್ದದ ಒಂದು ಕೈ ಹೊರಬಂದು ಪರದೆಯ ಮೇಲೆ ಬಾಗಿತು. ದಿನಾ ಇಷ್ಟು ಹೊತ್ತಿಗೆ ಅದು ಹಾಗೆ ಬಂದು, ತುದಿಯಲ್ಲಿರುವ ಸಣ್ಣ ಗಾಜಿನ ಕಣ್ಣಿನಿಂದ ಪರದೆಯ ಬೆಳಕನ್ನು ಅಳೆದು, ಕಡಿಮೆಯಿದ್ದರೆ ಏರಿಸಿ, ಹೆಚ್ಚಿದ್ದರೆ ಇಳಿಸಿ ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಅದನ್ನು ಹಾಗೆ ಹೊಂದಿಸಿದವರೂ ಇವರೇ. ಆ ಕೈ ಅಡಗುವ ಸೀಳಿನ ಮೇಲೆಯೇ ತಾವು ವಿಭೂತಿ ಎಳೆದದ್ದು ಎಂದು ಆಗ ಹೊಳೆಯಿತು. ಟಾರ್ಚ್ ಹಿಡಿದು ನೋಡಿದರು. ಗಾಜಿನ ಕಣ್ಣಿನ ಮೇಲೆ ಬೆಳ್ಳಗೆ ಪುಡಿ ಕೂತಿತ್ತು.

ಅವರು ಡಾಕ್ಟರ ಕುರ್ಚಿಯಲ್ಲೇ ಕೂತರು. ಹತ್ತು ದಿನದಿಂದ ಆ ಕಣ್ಣಿಗೆ ಬೆಳಕು ಅರ್ಧಂಬರ್ಧ ಕಂಡಿದೆ. ಪರದೆ ಮಂಕಾಗಿದೆ ಎಂದುಕೊಂಡು ದಿನದಿನವೂ ಬೆಳಕು ಏರಿಸುತ್ತ ಹೋಗಿದೆ. ಬಿಳಿಯೆಲ್ಲ ಒಂದೇ ಬಿಳಿಯಾಗಿ ಕಲಸಿಹೋಗಿದೆ. ಕಪಾಟಿನಿಂದ ಬೆಳಕು ಅಳೆಯುವ ಕೈಮೀಟರ್ ತಂದು ಪರದೆಗೆ ಒತ್ತಿ ಅಳೆದರು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ತಮ್ಮ ಕಣ್ಣಿಗೆ ಏನೂ ಆಗಿಲ್ಲ ಎಂದು ಆ ಕ್ಷಣದಲ್ಲಿ ಒಂದಿಷ್ಟು ಸಂತೋಷವೂ ಆಯಿತಂತೆ. ಆ ಸಂತೋಷಕ್ಕೆ ಇವತ್ತಿಗೂ ಅವರಿಗೆ ತಮ್ಮ ಮೇಲೆ ಅಸಹ್ಯ.

ಮೆತ್ತನೆಯ ಒಣ ಬ್ರಷ್ ಕೈಯಲ್ಲೇ ಇತ್ತು. ಪುಡಿ ಕೊಡವಿ, ಅಳತೆ ಹೊಸದಾಗಿ ಹೊಂದಿಸಿದರೆ ಅರ್ಧ ಗಂಟೆಯ ಕೆಲಸ. ಡಾಕ್ಟರು ಬರುವುದು ಒಂಬತ್ತಕ್ಕೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೋಗಲಿ, ಅನಸೂಯಮ್ಮನದೊಂದನ್ನು ಇನ್ನೊಮ್ಮೆ ನೋಡಿ ಮೇಡಂ, ಬೇಕಾದವರು, ಅವರಿಗೇನೋ ಸಂಶಯವಂತೆ ಎಂದು ಕೇಳಿದರೆ ಡಾಕ್ಟರು ನೋಡಿಯಾರು. ಅಷ್ಟರಲ್ಲಿ ಮುಗಿಯುತ್ತದೆ. ಹೀಗೆ ಯೋಚಿಸುತ್ತ ಅವರು ಒಂಬತ್ತು ದಿನದ ಪಟ್ಟಿ ತೆರೆದರು. ಇಪ್ಪತ್ತೆಂಟು ಹೆಸರು. ಹತ್ತೊಂಬತ್ತನೆಯದು ಅನಸೂಯ. ಉಳಿದ ಇಪ್ಪತ್ತೇಳು ಜನರನ್ನು ಅವರು ಕಂಡಿಲ್ಲ, ಅವರ ಕೈಯ ಕಾಫಿ ಕುಡಿದಿಲ್ಲ. ಆ ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೊಂದೇ ಹೆಸರಾಗಿ ಓದಿದ ಮೇಲೆ ಅವರಿಗೆ ಆ ಉಪಾಯ ಮಾಡಲಾಗಲಿಲ್ಲ.

ಡಾಕ್ಟರ್ ಪ್ರಣಮ್ಯಾ ಮಂಗಳೂರು ಕಡೆಯ ಮನೆತನದವಳು, ಆದರೆ ಹುಟ್ಟಿ ಓದಿದ್ದೆಲ್ಲ ಚೆನ್ನೈ. ಕನ್ನಡ ತಿಳಿಯುತ್ತದೆ, ಉತ್ತರ ಬರುವುದು ತಮಿಳಿನಲ್ಲಿ, ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ. ಬ್ಯಾಗು ಕೆಳಗಿಡುವುದಕ್ಕೂ ಬಿಡದೆ ಸಿದ್ಧಲಿಂಗೇಶರು ಎಲ್ಲವನ್ನೂ ಹೇಳಿದರು. ವಿಭೂತಿ ಹೇಳಿದರು, ಚೌಕ ಹೇಳಿದರು, ಟಿಕ್ ಹೇಳಿದರು.

"ಒಂಬದು ನಾಳಾ ಅಂಕಲ್?"

"ಹೌದ್ರಿ ಮೇಡಂ. ಒಂಬತ್ತು ದಿನ."

"ಮೊದಲ ದಿನವೇ ಯಾಕೆ ಹೇಳಲಿಲ್ಲ?" ಈ ಮಾತನ್ನು ಅವಳು ಕನ್ನಡದಲ್ಲಿ ಕೇಳಿದಳು. ಅವಳ ಕನ್ನಡ ಅವರಿಗೆ ಇಂಗ್ಲಿಷಿಗಿಂತ ಹೆಚ್ಚು ಚುಚ್ಚಿತು.

"ನನ್ನ ಕಣ್ಣ ಹೋದುವು ಅಂತ ತಿಳಕೊಂಡೆ. ಹೇಳಿದ್ರ ಈ ಕೆಲಸ ಬಿಡಸ್ತೀರಿ ಅಂತ ಹೆದರಿದೆ."

ಪ್ರಣಮ್ಯಾ ಜ್ಯೋತಿಯನ್ನು ಕರೆದು ಅವತ್ತಿನ ಎಲ್ಲರಿಗೂ ನಾಳೆ ಬರಲು ಹೇಳಿಸಿದಳು. ಸಿದ್ಧಲಿಂಗೇಶರು ಗಾಜಿನ ಕಣ್ಣಿನ ಪುಡಿ ತೆಗೆದು, ಸೀಳಿನೊಳಗೆ ಉಳಿದದ್ದನ್ನು ರಬ್ಬರ್ ಬುರುಡೆಯಿಂದ ಊದಿ, ಕೈಮೀಟರಿನಿಂದಲೇ ಎರಡೂ ಮಾನಿಟರ್‌ಗಳ ಬೆಳಕನ್ನು ಮೊದಲಿನಿಂದ ಹೊಂದಿಸಿದರು. ಅಳತೆ ಎರಡು ಸಲ ತಪ್ಪಿತು. ಚೌಕ ಕಾಣುತ್ತದೆಯೇ ಎಂದು ಜ್ಯೋತಿಯನ್ನು ಕೂರಿಸಿ ಕೇಳಿದರು, ಡಾಕ್ಟರನ್ನು ಕೂರಿಸಿ ಕೇಳಿದರು. ಇಬ್ಬರೂ ಕಾಣುತ್ತದೆ ಎಂದ ಮೇಲೆ ಹೊರಗೆ ಬಂದು ಬಾಗಿಲೆಳೆದುಕೊಂಡರು.

ಒಳಗೆ ಪ್ರಣಮ್ಯಾ ಇಪ್ಪತ್ತೆಂಟು ಜನರ ಚಿತ್ರಗಳನ್ನು ಮೊದಲಿನಿಂದ ನೋಡಲು ಕೂತಳು. ಹಳೆಯ ವರದಿ ಕಣ್ಣಿಗೆ ಬೀಳದಂತೆ, ಹೆಸರಿಲ್ಲದೆ, ಬರೀ ಪಟ್ಟಿಯ ಅಂಕಿಯಿಟ್ಟು.

ಹೊರಗಿನ ಬೆಂಚಿನ ಮೇಲೆ ಸಿದ್ಧಲಿಂಗೇಶರು ಕೂತರು. ಹತ್ತಾಯಿತು. ಕಾಫಿಗೆ ಹೋಗಲಿಲ್ಲ. ಹನ್ನೊಂದಾಯಿತು. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಬೇಕೆಂದು ಅವರಿಗೆ ಗೊತ್ತು, ಈಗ ಎಂಟನೆಯದು ಇರಬಹುದು, ಈಗ ಹತ್ತು ಎಂದು ಎಣಿಸುತ್ತಿದ್ದರು. ಜ್ಯೋತಿ ನೀರು ತಂದಿಟ್ಟಳು, ಕುಡಿಯಲಿಲ್ಲ. ಹನ್ನೆರಡೂವರೆಯ ಸುಮಾರಿಗೆ ಒಳಗಿನ ಫೋನಿನಲ್ಲಿ ಪ್ರಣಮ್ಯಾ ಯಾರೊಡನೆಯೋ ತಗ್ಗಿದ ದನಿಯಲ್ಲಿ ಮಾತಾಡಿದ್ದು ಕೇಳಿಸಿತು. ಮಾತು ತಿಳಿಯಲಿಲ್ಲ. ಅವರ ಲೆಕ್ಕದಲ್ಲಿ ಅದು ಹದಿನೆಂಟೋ ಹತ್ತೊಂಬತ್ತೋ ಇರಬೇಕಿತ್ತು. ಲೆಕ್ಕ ತಪ್ಪಿರಲಿ ಎಂದು ಬೇಡಿಕೊಂಡರು. ತಪ್ಪಿದರೆ ಆ ಮಾತು ಇನ್ನೊಬ್ಬ ಹೆಂಗಸಿನ ಬಗ್ಗೆ ಎಂದು ಹೊಳೆದು, ಬೇಡಿಕೊಳ್ಳುವುದನ್ನೂ ಬಿಟ್ಟರು.

ಎರಡು ಗಂಟೆಗೆ ಬಾಗಿಲು ತೆರೆಯಿತು. ಪ್ರಣಮ್ಯಾಳ ಕಣ್ಣುಗಳು ಕೆಂಪಗಾಗಿದ್ದವು.

"ಇಪ್ಪತ್ತೇಳು ಸರಿ ಇದೆ ಅಂಕಲ್. ಬದಲಾವಣೆ ಇಲ್ಲ," ಎಂದಳು ಈ ಸಲವೂ ಕನ್ನಡದಲ್ಲಿ. "ನಂಬರ್ ಹತ್ತೊಂಬತ್ತು ಮಾತ್ರ."

ಸಣ್ಣ ಚುಕ್ಕೆಗಳ ಗುಂಪಂತೆ. ದೊಡ್ಡದು ಮಾಡಿ ಇನ್ನೊಂದಿಷ್ಟು ಚಿತ್ರ ತೆಗೆಯಬೇಕು, ಆಮೇಲೆ ಸೂಜಿ ಹಾಕಿ ಪರೀಕ್ಷೆ. ಫೋನಿನಲ್ಲಿ ಕೇಳಿದ್ದು ತನ್ನ ಗುರುವನ್ನು, ಅವರೂ ಹಾಗೇ ಹೇಳಿದರು ಎಂದಳು. ಮುಂದಿನ ಮೇಜಿನಿಂದ ಫೋನು ಮಾಡಿಸುತ್ತೇನೆ ಎಂದಾಗ ಸಿದ್ಧಲಿಂಗೇಶರು ಎದ್ದು ನಿಂತರು.

"ಬ್ಯಾಡ್ರಿ ಮೇಡಂ. ಏನೂ ಇಲ್ಲ ಅಂತ ನಾನ ಹೋಗಿ ಹೇಳೀನಿ. ಐತಿ ಅಂತ ಹೇಳಾಕ ಜ್ಯೋತಿನ್ನ ಕಳಸಾಕ ಬರೂದಿಲ್ಲ."

ಮೂರು ಗಂಟೆಗೆ ಹೋಟೆಲು ಖಾಲಿ. ಕುರ್ಚಿಗಳು ಮೇಜಿನ ಮೇಲೆ ಕವುಚಿ ಕೂತಿದ್ದವು. ಮಂಜುನಾಥರು ಮಧ್ಯಾಹ್ನದ ನಿದ್ದೆಗೆ ಮನೆಗೆ ಹೋಗಿದ್ದರು. ಅನಸೂಯಮ್ಮ ಒಳಗೆ ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಎಂತ ಸಿದ್ಧಣ್ಣ, ಇವತ್ತು ಕಾಫಿಗೆ ಬರ್ಲೇ ಇಲ್ಲ? ಜ್ವರವಾ?"

ಸಿದ್ಧಲಿಂಗೇಶರು ಎದುರಿಗೆ ನೆಲದ ಮೇಲೆಯೇ ಕೂತರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ಅಕ್ಕಾರ, ಮೊನ್ನೆ ನಾ ಹೇಳಿದ್ದು ಖರೆ ಅಲ್ಲ," ಎಂದರು. ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಮಾನಿಟರಿನ ಕಣ್ಣಿಗೆ ತಾವು ಪುಡಿ ಹಾಕಿದ್ದು, ಚೌಕ ಕಾಣದಿದ್ದರೂ ಕಾಣುತ್ತದೆ ಎಂದು ಬರೆದದ್ದು, ಅದೇ ಪರದೆಯಲ್ಲಿ ಡಾಕ್ಟರು ಅವರ ಚಿತ್ರ ನೋಡಿದ್ದು, ಇವತ್ತು ಮತ್ತೆ ನೋಡಿದ್ದು, ಚುಕ್ಕೆಗಳು.

ಅನಸೂಯಮ್ಮನ ಕೈ ಸೊಪ್ಪಿನ ಮೇಲೆ ನಿಂತಿತ್ತು.

"ಈ ನಾಲ್ಕು ದಿವಸ ನಾನು ಚಂದ ನಿದ್ದೆ ಮಾಡಿದೆ ಸಿದ್ಧಣ್ಣ," ಎಂದರು. "ಚಿಕ್ಕಮ್ಮ ಹೋದ ಮೇಲೆ ಅಷ್ಟು ಚಂದ ನಿದ್ದೆ ಬಂದದ್ದೇ ಇಲ್ಲ."

ಇದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಸಿದ್ಧಲಿಂಗೇಶರು ತಡೆದುಕೊಳ್ಳುತ್ತಿದ್ದರು.

"ಬ್ಯಾರೆ ಕಡೆ ತೋರಸ್ತೀನಿ ಅಂದ್ರ ಡಾಕ್ಟರ್ ಚೀಟಿ ಬರದು ಕೊಡ್ತಾರ ಅಕ್ಕಾರ. ನಮ್ಮಲ್ಲೇ ಆಗಬೇಕು ಅಂತಿಲ್ಲ."

"ಈಗ ಆ ಟಿವಿ ಸರಿ ಉಂಟಾ?"

"ಐತ್ರಿ. ಮೂರು ಮಂದಿ ನೋಡೇವಿ."

ಅನಸೂಯಮ್ಮ ಸೊಪ್ಪಿನ ಬುಟ್ಟಿಯನ್ನು ಬದಿಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದರು. "ನಡೀರಿ ಹಾಗಾದ್ರೆ. ಇವರು ಎದ್ದು ಬಂದ್ರೆ ಗಲಾಟೆ ಮಾಡ್ತಾರೆ, ಅದನ್ನು ಆಮೇಲೆ ನೋಡುವ." ಹಿಂದಿನ ಬಾಗಿಲಿನಿಂದ ಚಪ್ಪಲಿ ಮೆಟ್ಟಿಕೊಂಡು ಆಟೋಗಳ ನಡುವೆ ಅವರೇ ಮುಂದಾಗಿ ರಸ್ತೆ ದಾಟಿದರು. ಸಿದ್ಧಲಿಂಗೇಶರು ಹಿಂದಿನಿಂದ ನಡೆದರು. ಚಿತ್ರ ತೆಗೆಯುವ ಕೋಣೆಯ ಬಾಗಿಲಲ್ಲಿ ಅನಸೂಯಮ್ಮ ನಿಂತು ತಿರುಗಿದರು.

"ಒಂದು ಮಾತು ಸಿದ್ಧಣ್ಣ. ಇನ್ನು ಮುಂದೆ ಎಂತ ಇದ್ರೂ ನೀವು ಬಂದು ಹೇಳ್ಬೇಡಿ. ಇದೆ ಅಂತ್ಲೂ ಬೇಡ, ಇಲ್ಲ ಅಂತ್ಲೂ ಬೇಡ. ಡಾಕ್ಟ್ರೇ ಹೇಳ್ಲಿ."

"ಆತ್ರಿ ಅಕ್ಕಾರ," ಎಂದರು ಸಿದ್ಧಲಿಂಗೇಶರು. ಹದಿನೈದು ವರ್ಷದಲ್ಲಿ ಗಳಿಸಿದ್ದು ಹೋಯಿತೆಂದು ಅವರಿಗೆ ಗೊತ್ತಾಯಿತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಮರುದಿನ ಸೂಜಿ ಪರೀಕ್ಷೆ ಆಯಿತು. ಮಂಜುನಾಥರು ಗಲಾಟೆ ಮಾಡಿದರು, ಸೆಂಟರಿನ ಮುಂದಿನ ಮೇಜಿನ ಬಳಿ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಕೂಗಾಡಿದರು. ಸಿದ್ಧಲಿಂಗೇಶರು ಒಳಗೆ ಅಡಗದೆ ಎದುರಿಗೆ ಬಂದು ನಿಂತು ಕೇಳಿಸಿಕೊಂಡರು. ಆಡಳಿತದವರು ವಿವರಣೆ ಕೇಳಿ ಕಾಗದ ಕೊಟ್ಟರು, ಇವರು ಇದ್ದದ್ದನ್ನು ಇದ್ದ ಹಾಗೆ ಬರೆದರು. ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬುದು ಆ ವಾರ ಅವರ ತಲೆಗೇ ಬರಲಿಲ್ಲ. ಫಲಿತಾಂಶಕ್ಕೆ ಎಂಟು ದಿನ ಎಂದಿದ್ದರು. ಆ ಎಂಟು ದಿನವೂ ಅವರು ಬೆಳಿಗ್ಗೆ ಜ್ಯೋತಿಯನ್ನು ಪಕ್ಕಕ್ಕೆ ಕೂರಿಸಿಕೊಂಡೇ ಪರದೆ ನೋಡಿದರು. ಕಾಫಿಗೆ ಎದುರು ಬದಿಗೆ ಹೋಗಲಿಲ್ಲ. ಮನೆಯಲ್ಲಿ ಸುವರ್ಣಮ್ಮ ಕೇಳಿದ್ದಕ್ಕೆ ಎಲ್ಲ ಹೇಳಿದರು.

ಎಂಟನೆಯ ದಿನ ಗಂಡ ಹೆಂಡತಿ ಇಬ್ಬರೂ ಬಂದು ಪ್ರಣಮ್ಯಾಳ ಕೋಣೆಗೆ ಹೋದರು. ಸಿದ್ಧಲಿಂಗೇಶರು ಹೊರಗಿನ ಬೆಂಚಿನ ಮೇಲೆ ಕೂತರು. ಎದ್ದು ಹೋಗಬೇಕೆಂದುಕೊಂಡರು, ಏಳಲಾಗಲಿಲ್ಲ. ಕಾಲು ಗಂಟೆಯಾದ ಮೇಲೆ ಅನಸೂಯಮ್ಮ ಒಬ್ಬರೇ ಹೊರಬಂದರು. ಮಂಜುನಾಥರು ಆಸ್ಪತ್ರೆಯ ಚೀಟಿಗಾಗಿ ಒಳಗೇ ಉಳಿದಿದ್ದರು. ಸಿದ್ಧಲಿಂಗೇಶರು ಮುಖ ಎತ್ತಿದರು. ಕೇಳುವ ಹಕ್ಕು ತಮಗಿಲ್ಲವೆಂದು ಬಾಯಿ ಬಿಗಿದುಕೊಂಡಿದ್ದರು.

"ಉಂಟಂತೆ," ಎಂದರು ಅನಸೂಯಮ್ಮ. "ಶುರುವಿನದ್ದಂತೆ. ಬೇರೆಲ್ಲಿಗೂ ಹೋಗಿಲ್ಲಂತೆ. ಈಗ ತೆಗೆದ್ರೆ ಮುಗೀತು, ಮುಂದಿನ ವರ್ಷದ ತನಕ ಬಿಟ್ಟಿದ್ರೆ ಬೇರೆ ಮಾತಾಗ್ತಿತ್ತು ಅಂದ್ರು."

ಸಿದ್ಧಲಿಂಗೇಶರ ಕಣ್ಣು ತುಂಬಿ ಬಂತು, ಕನ್ನಡಕ ತೆಗೆಯಲು ಕೈ ಎತ್ತಿದರು.

"ನೀವು ಅಳ್ಬೇಡಿ ಮಾರಾಯ್ರೆ," ಎಂದು ಅನಸೂಯಮ್ಮ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. "ನಿಮ್ಮನ್ನು ಸಮಾಧಾನ ಮಾಡ್ಲಿಕ್ಕೆ ನನಗೆ ಇವತ್ತು ಆಗುದಿಲ್ಲ. ಮೊದಲು ನಾನು ಅಳ್ಬೇಕು."

ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅವರು ಅತ್ತರು. ಸಿದ್ಧಲಿಂಗೇಶರು ಎತ್ತಿದ ಕೈಯನ್ನು ಮಡಿಲಿಗೆ ಇಳಿಸಿ, ತಮ್ಮ ಅಳುವನ್ನು ಹಲ್ಲು ಕಚ್ಚಿ ಹಿಡಿದುಕೊಂಡು, ಅವರು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದರು.